ದಡಕ್ಕೆ ಬಿದ್ದ ಲೋಳೆ ಯಾವುದು? ಐನ್ಯಾಚುರಲಿಸ್ಟ್ ಆ್ಯಪ್ ಎಷ್ಟು ಹೇಳುತ್ತದೆ, ಎಲ್ಲಿ ಎಡವುತ್ತದೆ

ಮಳೆಗಾಲದ ಗಾಳಿ ಇಳಿಯುವ ಹೊತ್ತಿಗೆ ಸೋಮೇಶ್ವರದಿಂದ ಕಾರವಾರದವರೆಗೆ ಯಾವ ದಡದಲ್ಲಿ ನಡೆದರೂ ಒಂದಲ್ಲ ಒಂದು ಲೋಳೆ ಕಾಲಿಗೆ ಸಿಗುತ್ತದೆ. ಒಮ್ಮೆ ನೀಲಿ ಬಲೂನು, ಒಮ್ಮೆ ಗಾಜಿನ ಬಿಲ್ಲೆ, ಇನ್ನೊಮ್ಮೆ ಯಾರೋ ಗಟ್ಟಿ ಗಂಜಿ ಕವುಚಿ ಹೋದಂಥ ಗುಡ್ಡೆ. ಫೋಟೊ ತೆಗೆದು ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರೆ ‘ಜೆಲ್ಲಿಫಿಶ್’ ಎಂಬ ಒಂದೇ ಉತ್ತರ ಬರುತ್ತದೆ. ಮರ ತೋರಿಸಿ ಹೆಸರು ಕೇಳಿದರೆ ‘ಮರ’ ಎಂದ ಹಾಗೆ. ಕುಟುಕುತ್ತದೋ ಇಲ್ಲವೋ, ಪ್ರಾಣಿಯೋ ಮೊಟ್ಟೆಯೋ, ಅದ್ಯಾವುದೂ ಗೊತ್ತಾಗುವುದಿಲ್ಲ.

ಈ ಕೆಲಸಕ್ಕೆ ಈಗ ಕೈಗೆ ಸಿಗುವ ಸೇವೆಗಳಲ್ಲಿ ಐನ್ಯಾಚುರಲಿಸ್ಟ್ ಮೇಲು. ಅಂಕ ಮೊದಲೇ ಕೊಟ್ಟುಬಿಡಬಹುದು: ನೀಲಿ ಬಣ್ಣದ ಪ್ರಾಣಿಯಾದರೆ 5ಕ್ಕೆ 4½. ಮರಳಲ್ಲಿ ಕುಸಿದ ಬಣ್ಣವಿಲ್ಲದ ಮುದ್ದೆಯಾದರೆ ಕಷ್ಟಪಟ್ಟು 2. ಅದೇ ಮುದ್ದೆಯನ್ನು ನೀರಿಗೆ ಹಾಕಿ ಸರಿಯಾಗಿ ಆರು ಫೋಟೊ ತೆಗೆದರೆ 4. ಈ ಎರಡು ಅಂಕದ ಅಂತರ ಇರುವುದು ಆ್ಯಪ್‌ನಲ್ಲಲ್ಲ, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಕುಟುಕಿಸಿಕೊಂಡ ಮೇಲೆ ಏನು ಮಾಡಬೇಕು ಎಂದು ನೋಡಲು ಇದನ್ನು ತೆರೆಯುವುದಾದರೆ ಅಂಕ ಸೊನ್ನೆ. ಆ ಮಾತು ಮುಂದೆ ಇದೆ.

2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು ಇದು. ಮುಂದೆ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಮತ್ತು ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಆಸರೆಯಲ್ಲಿ ಬೆಳೆದು, 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆಯಾಗಿದೆ. ಬಳಸಲು ದುಡ್ಡು ಕೊಡಬೇಕಿಲ್ಲ, ಜಾಹೀರಾತಿಲ್ಲ. ಒಳಗೆ ನಡೆಯುವುದು ಎರಡು ಬೇರೆ ಬೇರೆ ಕೆಲಸ, ಬಹಳ ಜನ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಫೋಟೊ ಹಾಕಿದ ಕೂಡಲೇ ಕಾಣುವ ಹೆಸರುಗಳ ಪಟ್ಟಿ ಯಂತ್ರದ ಊಹೆ. ಆಮೇಲೆ ಗಂಟೆಗಳಲ್ಲೋ ತಿಂಗಳುಗಳಲ್ಲೋ ಬಂದು ‘ಇದು ಅದಲ್ಲ, ಇದು’ ಎನ್ನುವವರು ಮನುಷ್ಯರು. ಅವರಲ್ಲಿ ಲೋಳೆಮೀನುಗಳನ್ನೇ ಓದಿಕೊಂಡವರೂ ಇರುತ್ತಾರೆ. ಈ ಸೇವೆಯ ಬೆಲೆ ಇರುವುದು ಎರಡನೆಯದರಲ್ಲಿ. ಮೊದಲನೆಯದನ್ನು ನೋಡಿ ಆ್ಯಪ್ ಮುಚ್ಚಿದವರಿಗೆ ಸಿಕ್ಕಿದ್ದು ಅರ್ಧ ಸರಕು.

ಯಂತ್ರ ಲೋಳೆಯ ಮುಂದೆ ತಬ್ಬಿಬ್ಬಾಗುವುದಕ್ಕೆ ಕಾರಣ ಸರಳ. ಈ ಪ್ರಾಣಿಯ ಮೈಯಲ್ಲಿ ಶೇ. 95ರಷ್ಟು ನೀರು. ಸಮುದ್ರದಲ್ಲಿ ನೀರೇ ಅದರ ಎಲುಬು. ಮರಳಿಗೆ ಬಿದ್ದ ಹತ್ತಿಪ್ಪತ್ತು ನಿಮಿಷದಲ್ಲಿ ಕೊಡೆ ಚಪ್ಪಟೆಯಾಗುತ್ತದೆ, ಎಳೆಗಳು ಕಿತ್ತುಹೋಗುತ್ತವೆ, ಬಾಯಿಯ ಸುತ್ತಲಿನ ತೋಳುಗಳು ಅಡಿಗೆ ಸಿಕ್ಕಿಕೊಳ್ಳುತ್ತವೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಉಳಿಯುವುದು ಹೊಳೆಯುವ ಒಂದು ಗುಂಡಗಿನ ಆಕೃತಿ. ಯಾವ ಪ್ರಭೇದದ ಫೋಟೊಗಳಿಂದ ಯಂತ್ರ ಹೆಚ್ಚು ಕಲಿತಿದೆಯೋ ಅದರ ಹೆಸರಿನ ಕಡೆಗೇ ಅದು ವಾಲುತ್ತದೆ. ಹಾಗಾಗಿ ಪಾರದರ್ಶಕವಾದ ಎಲ್ಲವೂ ಲೋಕವೆಲ್ಲ ಹರಡಿರುವ ಔರೇಲಿಯಾ, ಅಂದರೆ ಮೂನ್ ಜೆಲ್ಲಿ, ಆಗಿಬಿಡುವ ಅಪಾಯವಿದೆ. ಸಾಕಷ್ಟು ಫೋಟೊ ಸೇರದ ಪ್ರಭೇದವಂತೂ ಯಂತ್ರದ ಪಟ್ಟಿಯಲ್ಲೇ ಇರುವುದಿಲ್ಲ. ಇಲ್ಲದ ಹೆಸರನ್ನು ಅದು ಹೇಳುವುದಾದರೂ ಹೇಗೆ? ಪಕ್ಕದ ಮನೆಯವನ ಹೆಸರು ಹೇಳುತ್ತದೆ.

ಇನ್ನು ಡಬ್ಬಿಯ ವಿಷಯ. ಬೇಕಾದದ್ದು ಒಂದೆರಡು ಲೀಟರ್ ಹಿಡಿಯುವ, ಬದಿ ನೇರವಾಗಿರುವ ಪಾರದರ್ಶಕ ಡಬ್ಬಿ. ಸ್ವೀಟ್ ಅಂಗಡಿಯದು ಸಾಕು. ಜೊತೆಗೆ ಒಂದು ಹಳೆಯ ಸೌಟು ಅಥವಾ ಪ್ಲಾಸ್ಟಿಕ್ ಮೊರ, ದಪ್ಪ ರಬ್ಬರ್ ಕೈಗವಸು, ಅಂಗೈ ಅಗಲದ ಕಪ್ಪು ಬಟ್ಟೆ, ಒಂದು 10 ರೂಪಾಯಿ ನಾಣ್ಯ. ನಾಣ್ಯದ ಅಡ್ಡಳತೆ 27 ಮಿ.ಮೀ., ಅಳತೆಗೆ ಅದಕ್ಕಿಂತ ಸುಲಭದ್ದು ಕಿಸೆಯಲ್ಲಿ ಇರುವುದಿಲ್ಲ.

ಪ್ರಾಣಿಯನ್ನು ಮುಟ್ಟುವ ಮೊದಲು ಬಿದ್ದ ಜಾಗದಲ್ಲೇ ಒಂದು ಫೋಟೊ, ನಾಣ್ಯವನ್ನು ಪಕ್ಕಕ್ಕಿಟ್ಟು. ಆಮೇಲೆ ಡಬ್ಬಿಗೆ ಸಮುದ್ರದ ನೀರನ್ನೇ ತುಂಬಿ. ಬಾಟಲಿಯ ಕುಡಿಯುವ ನೀರು ಹಾಕಿದರೆ ಕೆಲಸ ಕೆಟ್ಟಿತು: ಲವಣ ಇಲ್ಲದ ನೀರಿಗೆ ಮೈ ಬಿಳಿಚಿ ಹಾಳಾಗುತ್ತದೆ, ಸಿಡಿಯದೆ ಉಳಿದ ಕುಟುಕು ಕೋಶಗಳೂ ಸಿಡಿಯುತ್ತವೆ. ಮೊರವನ್ನು ಮರಳಿನ ಸಮೇತ ಅಡಿಗೆ ತೂರಿಸಿ ಎತ್ತಿ, ನಿಧಾನ ನೀರಿಗೆ ಜಾರಿಸಿ. ಮೇಲಿನಿಂದ ಎತ್ತಿಹಾಕಿದರೆ ತೋಳು ಕಳಚುತ್ತದೆ. ಮರಳು ತಳಕ್ಕೆ ಇಳಿಯಲಿ. ಐದು ನಿಮಿಷ ಬಿಟ್ಟು ನೋಡಿ, ಗಂಜಿಯ ಗುಡ್ಡೆ ಕೊಡೆಯಾಗಿರುತ್ತದೆ.

ಕ್ಯಾಮೆರಾವನ್ನು ಡಬ್ಬಿಯ ಬದಿಗೆ ಹಿಡಿದು, ಹಿಂದೆ ಕಪ್ಪು ಬಟ್ಟೆ ಇಟ್ಟು, ಬಿಸಿಲು ಪಕ್ಕದಿಂದ ಬೀಳುವಂತೆ ತಿರುಗಿಸಿಕೊಳ್ಳಿ. ಫ್ಲ್ಯಾಶ್ ಬೇಡ, ಡಬ್ಬಿಯ ಗೋಡೆಯಷ್ಟೇ ಹೊಳೆಯುತ್ತದೆ. ಮೊಬೈಲು ಪಾರದರ್ಶಕ ಮೈಯನ್ನು ಬಿಟ್ಟು ಹಿಂದಿನದಕ್ಕೆ ಫೋಕಸ್ ಮಾಡುವುದು ಇಲ್ಲಿಯ ದೊಡ್ಡ ಪೀಡೆ. ಕೊಡೆಯ ಅಂಚಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಮೇಲಿನಿಂದ ಒಂದು, ಬದಿಯಿಂದ ಒಂದು, ಡಬ್ಬಿ ಎತ್ತಿ ಕೆಳಗಿನಿಂದ ಒಂದು, ಕೊಡೆಯ ಅಂಚು ಹತ್ತಿರದಿಂದ ಒಂದು, ತೋಳಿನ ತುದಿ ಹತ್ತಿರದಿಂದ ಒಂದು. ಬಿದ್ದ ಜಾಗದ್ದು ಸೇರಿ ಆರು.

ಈ ಆರು ಯಾಕೆ ಎಂಬುದಕ್ಕೆ ನಮ್ಮ ಅರಬ್ಬಿ ಸಮುದ್ರದ ಸಾಮಾನ್ಯ ಮುದ್ದೆಯನ್ನೇ ತೆಗೆದುಕೊಳ್ಳಿ. ಅಕ್ಕಿಮುಡಿಯ ಹಾಗೆ ಗುಂಡಗೆ, ಮುಟ್ಟಿದರೆ ಎಳನೀರಿನ ಗಂಜಿಗಿಂತ ಗಟ್ಟಿ. ಮೇಲಿನಿಂದ ಏನೂ ತಿಳಿಯುವುದಿಲ್ಲ. ಬದಿಯಿಂದ ನೋಡಿದಾಗ ಕೊಡೆಯ ಅಂಚಿನಲ್ಲಾಗಲಿ ಅಡಿಯಲ್ಲಾಗಲಿ ಎಳೆಗಳೇ ಇಲ್ಲ ಎಂದು ಗೊತ್ತಾಗುತ್ತದೆ; ಅಲ್ಲಿಗೆ ಎಳೆಗಳಿರುವ ಕುಲಗಳಾದ ಔರೇಲಿಯಾ, ಕ್ರೈಸೋರಾ, ಸಯಾನಿಯಾ ಮೂರೂ ಹೊರಗೆ, ಇದು ರೈಜೊಸ್ಟೋಮಿ ಎಂಬ ಗಣದ್ದು. ಕೆಳಗಿನ ಫೋಟೊದಲ್ಲಿ ಎಂಟು ದಪ್ಪ ಬಾಯಿತೋಳುಗಳು ಎಣಿಕೆಗೆ ಸಿಗುತ್ತವೆ. ಇನ್ನು ತೋಳಿನ ತುದಿ: ಅಲ್ಲಿ ಪಿರಮಿಡ್ಡಿನಂತೆ ಮೂಲೆಗಳಿರುವ ನುಣುಪಾದ, ಗದೆಯಂಥ ತುಂಡು ನೇತಾಡುತ್ತಿದ್ದರೆ ಕ್ರ್ಯಾಂಬಿಯೊನೆಲ್ಲಾ ಕುಲ. ಆ ತುಂಡಿಲ್ಲದೆ ಸುಕ್ಕುಸುಕ್ಕಾಗಿಯೇ ತೋಳು ಮುಗಿದರೆ ಕ್ಯಾಟೊಸ್ಟೈಲಸ್ ಕಡೆಗೆ ನೋಡಬೇಕು. ಈ ಒಂದು ಸಣ್ಣ ವಿವರ ಇಲ್ಲದಿದ್ದರೆ ತಜ್ಞರೂ ಗಣದ ಹೆಸರಿನಲ್ಲೇ ನಿಲ್ಲುತ್ತಾರೆ, ನಿಮ್ಮ ದಾಖಲೆಯೂ ಅಲ್ಲೇ ನಿಲ್ಲುತ್ತದೆ. ಅಂದ ಹಾಗೆ, ಈ ಕ್ರ್ಯಾಂಬಿಯೊನೆಲ್ಲಾವನ್ನೇ ಕೇರಳ ಮತ್ತು ಆಂಧ್ರದ ಕರಾವಳಿಯಲ್ಲಿ ಹಿಡಿದು, ಉಪ್ಪು ಮತ್ತು ಪಟಿಕದಲ್ಲಿ ಹದಮಾಡಿ, ಪೂರ್ವ ಏಷ್ಯಾದ ಊಟದ ಮೇಜಿಗೆ ಕಳಿಸುತ್ತಾರೆ. ನಮ್ಮಲ್ಲಿ ಅದು ಬಲೆ ತುಂಬಿ ಭಾರವಾಗುವ ಕಿರಿಕಿರಿ ಮಾತ್ರ.

ಉಳಿದವನ್ನು ಬೇಗ ಹೇಳಿಬಿಡಬಹುದು. ಕೊಡೆಯ ನಡುವೆ ಕುದುರೆಲಾಳದ ಆಕಾರದ ನಾಲ್ಕು ಗುರುತು ಇದ್ದರೆ ಔರೇಲಿಯಾ. ಇಡೀ ಮೈ ಡಬ್ಬದಂತೆ ಚೌಕವಾಗಿದ್ದು ಎಳೆಗಳು ನಾಲ್ಕು ಮೂಲೆಯಿಂದಷ್ಟೇ ಇಳಿದಿದ್ದರೆ ಬಾಕ್ಸ್ ಜೆಲ್ಲಿ. ಅದನ್ನು ಡಬ್ಬಿಗೆ ಹಾಕುವ ಸಾಹಸ ಬೇಡ, ದೂರದಿಂದ ಜೂಮ್ ಮಾಡಿ. ಅಂಚಿನಿಂದ ನಡುವಿಗೆ ಸೈಕಲ್ ಚಕ್ರದ ಕಡ್ಡಿಗಳಂತೆ ಹತ್ತಾರು ಗೆರೆ ಓಡಿದ, ಭೂತಗನ್ನಡಿಯಂಥ ಗಾಜಿನ ಬಿಲ್ಲೆ ಈಕ್ವೋರಿಯಾ ಆಗಿರುವ ಸಾಧ್ಯತೆ ಹೆಚ್ಚು.

ಈ ಆ್ಯಪ್ ಮಿಂಚುವುದು ನೀಲಿಯವರ ಬಳಿ. ನೈರುತ್ಯದ ಗಾಳಿ ದೂರದ ಕಡಲಿನಿಂದ ಮೇಲ್ಮೈಯಲ್ಲಿ ತೇಲುವ ಒಂದು ತಂಡವನ್ನೇ ತಳ್ಳಿಕೊಂಡು ಬರುತ್ತದೆ. ನೀಲಿ-ನೇರಳೆ ಗಾಳಿಚೀಲ, ಮೇಲೆ ಒಂದು ಜುಟ್ಟು, ಕೆಳಗೆ ಉದ್ದನೆಯ ನೀಲಿ ಎಳೆ ಇದ್ದರೆ ಫೈಸೇಲಿಯಾ, ಅಂದರೆ ಬ್ಲೂಬಾಟಲ್. ಎರಡು-ಮೂರು ಸೆಂ.ಮೀ. ಬಿಲ್ಲೆಯ ಸುತ್ತ ನೀಲಿ ಕುಚ್ಚು ಇದ್ದರೆ ಪೋರ್ಪಿಟಾ. ಅಂಡಾಕಾರದ ತಳದ ಮೇಲೆ ಓರೆಯಾಗಿ ನಿಂತ ಗಾಜಿನ ಪಟ ಇದ್ದರೆ ವೆಲೆಲ್ಲಾ. ಇವು ಕುಸಿದರೂ ಗುರುತು ಕಳೆದುಕೊಳ್ಳುವುದಿಲ್ಲ, ಯಂತ್ರ ಮೊದಲ ಊಹೆಯಲ್ಲೇ ಕುಲದ ಹೆಸರು ಹಿಡಿಯಬಲ್ಲದು. ಎಡವುವ ಜಾಗ ಎರಡಿವೆ. ಒಂದು, ಪೋರ್ಪಿಟಾದ ನೀಲಿಯೆಲ್ಲ ಒಣಗಿ ಬಿಳಿ ಬಿಲ್ಲೆ ಮಾತ್ರ ಉಳಿದಾಗ. ಯಂತ್ರಕ್ಕೇನು, ಮನುಷ್ಯರಿಗೂ ಅದು ಪ್ಲಾಸ್ಟಿಕ್ ಗುಂಡಿಯಂತೆಯೇ ಕಾಣುತ್ತದೆ. ಇನ್ನೊಂದು, ಗ್ಲಾಕಸ್. ಫೈಸೇಲಿಯಾವನ್ನೇ ತಿಂದು ಅದರ ಕುಟುಕು ಕೋಶಗಳನ್ನು ತನ್ನ ಬೆರಳುಗಳಲ್ಲಿ ಕೂಡಿಟ್ಟುಕೊಳ್ಳುವ ಈ ಮೂರು ಸೆಂ.ಮೀ. ಕಡಲ ಗೊಂಡೆಹುಳು ಮರಳಲ್ಲಿ ಮುದುಡಿ ಬರೀ ನೀಲಿ ಚುಕ್ಕೆಯಾಗುತ್ತದೆ. ಒಂದು ಮುಚ್ಚಳ ಕಡಲನೀರಿಗೆ ಹಾಕಿ, ರೆಕ್ಕೆ ಬಿಚ್ಚುತ್ತದೆ. ಅಂದ ನೋಡಿ ಅಂಗೈಗೆ ಹಾಕಿಕೊಂಡರೆ ಮಾತ್ರ ಕುಟುಕೀತು.

ಫೈಸೇಲಿಯಾದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬಹುಕಾಲ ಲೋಕದಲ್ಲೆಲ್ಲ ಒಂದೇ ಪ್ರಭೇದ ಎಂದಿದ್ದದ್ದನ್ನು 2025ರ ಒಂದು ಸಂಶೋಧನೆ ನಾಲ್ಕಾಗಿ ಬಿಡಿಸಿತು: ಫೈಸಾಲಿಸ್, ಯುಟ್ರಿಕ್ಯುಲಸ್, ಮೆಗಾಲಿಸ್ಟಾ, ಮಿನೂಟಾ. ಜೀನೋಮಿನ ಜೊತೆಗೆ ಅವರು ಹೋಲಿಸಿ ನೋಡಿದ್ದು ಇದೇ ಐನ್ಯಾಚುರಲಿಸ್ಟ್‌ಗೆ ದಡದಲ್ಲಿ ನಡೆಯುವ ಜನ ಹಾಕಿದ ಫೋಟೊಗಳನ್ನು. ಆದ್ದರಿಂದ ಹಳೆಯ ದಾಖಲೆಯಲ್ಲಿ ಪ್ರಭೇದದ ಹೆಸರು ಕಂಡರೆ ಅದೇ ಕೊನೆಯ ಮಾತು ಎಂದುಕೊಳ್ಳಬೇಡಿ. ಹೊಸದನ್ನು ಹಾಕುವಾಗ ಗಾಳಿಚೀಲದ ಉದ್ದ, ಮುಖ್ಯ ಎಳೆ ಒಂದೋ ಹಲವೋ ಎಂಬುದು ಕಾಣುವಂತೆ ಫೋಟೊ ಇರಲಿ.

ಜೆಲ್ಲಿಯೇ ಅಲ್ಲದ ಜೆಲ್ಲಿಗಳ ವಿಷಯದಲ್ಲಿ ಮನುಷ್ಯ ತಿದ್ದುಗರ ಬೆಲೆ ತಿಳಿಯುತ್ತದೆ. ಎರಡೂ ಕಡೆ ತೆರೆದ ಪೀಪಾಯಿ, ಮೈ ಸುತ್ತ ಬಿಳಿ ಪಟ್ಟಿ ಇದ್ದರೆ ಸಾಲ್ಪ್. ಕುಟುಕುವುದಿಲ್ಲ, ವಂಶದಲ್ಲಿ ಜೆಲ್ಲಿಫಿಶ್‌ಗಿಂತ ನಮಗೇ ಹತ್ತಿರ. ನೆಲ್ಲಿಕಾಯಿಯಷ್ಟೇ ಗಾತ್ರ, ನೆಲ್ಲಿಕಾಯಿಯಂತೆಯೇ ಉದ್ದಕ್ಕೆ ಗೆರೆ, ಆದರೆ ಎಂಟು, ನೀರಿಗೆ ಹಾಕಿದರೆ ಗೆರೆಗಳಲ್ಲಿ ಕಾಮನಬಿಲ್ಲಿನ ಬಣ್ಣ ಓಡಿದರೆ ಟೀನೊಫೋರ್, ಅದೂ ನಿರುಪದ್ರವಿ. ಈ ಬಣ್ಣದ ಓಟ ಫೋಟೊದಲ್ಲಿ ಸಿಗುವುದು ಅಪರೂಪ. ವಿಡಿಯೊ ಮಾಡಿ ಅದರಿಂದ ಒಂದು ಫ್ರೇಮ್ ತೆಗೆದು ಹಾಕಿ, ಕಂಡದ್ದನ್ನು ಟಿಪ್ಪಣಿಯಲ್ಲಿ ಬರೆಯಿರಿ. ಬೆರಳಿನಂಥ ಬಿಳಿ ಲೋಳೆ ಚೀಲಗಳ ಗೊಂಚಲು ಬೊಂಡಾಸಿನ ಮೊಟ್ಟೆ. ಮರಳು ಮತ್ತು ಲೋಳೆ ಸೇರಿ ಅಂಗಿಯ ಕಾಲರಿನಂತೆ ಸುತ್ತಿಕೊಂಡದ್ದು ಮೂನ್ ಸ್ನೇಲ್ ಎಂಬ ಬಸವನಹುಳುವಿನ ಮೊಟ್ಟೆಪಟ್ಟಿ. ಮೊಟ್ಟೆ ಹಾಕುವಾಗ ‘ಎವಿಡೆನ್ಸ್ ಆಫ್ ಪ್ರೆಸೆನ್ಸ್’ ಎಂಬಲ್ಲಿ ‘ಎಗ್’ ಆರಿಸಿದರೆ ಮೊಟ್ಟೆ ಹುಡುಕುವವರ ಕಣ್ಣಿಗೆ ಬೀಳುತ್ತದೆ. ಮೆತ್ತನೆಯ ಕಡಲ ಸೌತೆ ಸಿಕ್ಕರೆ ಫೋಟೊ ಅಲ್ಲಿಯೇ ಮುಗಿಸಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು 2001ರಿಂದ ರಕ್ಷಿತ, ಮನೆಗೆ ಒಯ್ಯುವಂತಿಲ್ಲ.

ಅಪ್‌ಲೋಡ್ ಮಾಡುವಾಗಿನ ತಪ್ಪುಗಳು ಬೇರೆಯೇ ಒಂದು ಕಥೆ. ಹೆಚ್ಚಿನ ಹಾನಿ ಆಗುವುದು ವಾಟ್ಸ್ಆ್ಯಪಿನಿಂದ: ಅದರಲ್ಲಿ ಫೋಟೊವಾಗಿ ಕಳಿಸಿದ ಚಿತ್ರದಿಂದ ಸ್ಥಳ ಮತ್ತು ಸಮಯದ ಮಾಹಿತಿ ಅಳಿಸಿಹೋಗುತ್ತದೆ. ಗೆಳೆಯರಿಂದ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಆಂಡ್ರಾಯ್ಡ್‌ನಲ್ಲಿ ಗ್ಯಾಲರಿಯಿಂದ ಆರಿಸುವಾಗ ಫೋಟೊದ ಸ್ಥಳ ನೋಡಲು ಆ್ಯಪ್‌ಗೆ ಅನುಮತಿ ಇಲ್ಲದಿದ್ದರೂ ಇದೇ ಗತಿ. ಸ್ಥಳ ಅಥವಾ ದಿನಾಂಕ ಇಲ್ಲದ ದಾಖಲೆ ನೇರವಾಗಿ ‘ಕ್ಯಾಶುವಲ್’ ಗುಂಪಿಗೆ ಬೀಳುತ್ತದೆ. ಗುರುತಿಸುವವರು ಸಾಮಾನ್ಯವಾಗಿ ಅತ್ತ ಹಾಯುವುದಿಲ್ಲ. ಮಲ್ಪೆಯಲ್ಲಿ ತೆಗೆದು ಬೆಂಗಳೂರಿನಲ್ಲಿ ಕೂತು ಹಾಕುವವರು ನಕ್ಷೆಯ ಪಿನ್ ಎಲ್ಲಿದೆ ಎಂದು ಒಮ್ಮೆ ನೋಡುವುದು ಒಳ್ಳೆಯದು, ಬಸವನಗುಡಿಯಲ್ಲಿ ಬ್ಲೂಬಾಟಲ್ ಸಿಕ್ಕೀತು. ದಡದಲ್ಲಿ ಸಿಗ್ನಲ್ ಕ್ಷೀಣವಾಗಿದ್ದರೆ ಪಿನ್ನಿನ ಸುತ್ತಲಿನ ವೃತ್ತ ಕಿಲೋಮೀಟರುಗಟ್ಟಲೆ ಹಿಗ್ಗುತ್ತದೆ, ಅದನ್ನು ಕೈಯಾರೆ ಕುಗ್ಗಿಸಬಹುದು. ಒಂದು ಪ್ರಾಣಿಯ ಆರು ಫೋಟೊಗಳೂ ಒಂದೇ ದಾಖಲೆಯಲ್ಲಿರಬೇಕು. ಆರು ಬೇರೆ ದಾಖಲೆ ಮಾಡಿದರೆ ಅಂಚು ಒಬ್ಬರಿಗೆ, ತೋಳು ಇನ್ನೊಬ್ಬರಿಗೆ ಸಿಕ್ಕಿ ಯಾರಿಗೂ ಪೂರ್ತಿ ಪ್ರಾಣಿ ಸಿಗುವುದಿಲ್ಲ. ಹಾಗೆಯೇ ಎರಡು ಬೇರೆ ಲೋಳೆಗಳನ್ನು ಒಂದರಲ್ಲಿ ತುರುಕಬೇಡಿ.

ಹೆಸರಿನ ಖಾನೆಯಲ್ಲಿ ಯಂತ್ರದ ಮೊದಲ ಸಲಹೆಯನ್ನು ಕಣ್ಣುಮುಚ್ಚಿ ಒತ್ತುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಖಚಿತವಿಲ್ಲದಿದ್ದರೆ ಮೇಲಿನ ಹಂತ ಆರಿಸಿ: ಎಳೆಯಿಲ್ಲದ ಗಟ್ಟಿ ಮುದ್ದೆಗೆ ರೈಜೊಸ್ಟೋಮಿ, ಕೊಡೆಯಾಕಾರ ಎಂದಷ್ಟೇ ಗೊತ್ತಿದ್ದರೆ ಸೈಫೊಜೋವಾ ಎಂಬ ವರ್ಗ, ಏನೂ ತಿಳಿಯದಿದ್ದರೆ ಪ್ರಾಣಿ ಎಂದಾದರೂ ಸರಿ. ಖಾಲಿ ಬಿಟ್ಟರೆ ಅದು ‘ಅನ್‌ನೋನ್’ ರಾಶಿಯಲ್ಲಿ ಹೂವು, ಅಣಬೆ, ನಾಯಿಮರಿಗಳ ಜೊತೆ ಕೂರುತ್ತದೆ. ಲೋಳೆಮೀನಿನ ತಜ್ಞರು ಹುಡುಕುವುದು ಸೈಫೊಜೋವಾ ಎಂದು ಸೋಸಿ, ಆ ರಾಶಿಯಲ್ಲಲ್ಲ.

ಇನ್ನು ‘ಅಗ್ರೀ’ ಗುಂಡಿ. ಪ್ರಭೇದದ ಮಟ್ಟದಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಪ್ಪಿದರೆ ದಾಖಲೆ ‘ರಿಸರ್ಚ್ ಗ್ರೇಡ್’ ಆಗುತ್ತದೆ, ಲೈಸೆನ್ಸ್ ಅನುಮತಿಸಿದರೆ ಜಿಬಿಐಎಫ್ ಎಂಬ ಜಾಗತಿಕ ಭಂಡಾರಕ್ಕೂ ಹೋಗುತ್ತದೆ. ಇಬ್ಬರೇ ಇದ್ದು ಇಬ್ಬರೂ ಒಪ್ಪಿದರೂ ಸಾಕು. ಅಂದರೆ ಯಂತ್ರ ಹೇಳಿದ ತಪ್ಪನ್ನು ನೀವು ಒತ್ತಿ, ‘ಥ್ಯಾಂಕ್ಸ್’ ಎಂಬ ಅರ್ಥದಲ್ಲಿ ಗೆಳೆಯರೊಬ್ಬರು ಅಗ್ರೀ ಒತ್ತಿದರೆ ತಪ್ಪಿಗೆ ಮೊಹರು ಬಿದ್ದಂತೆ. ಈ ವ್ಯವಸ್ಥೆಯ ನಿಜವಾದ ದೌರ್ಬಲ್ಯ ಇದು. ಸಮಾಧಾನವೆಂದರೆ ಬಿಚ್ಚುವುದೂ ಸುಲಭ: ಮೂರನೆಯವರೊಬ್ಬರು ಬೇರೆ ಹೆಸರು ಹೇಳಿದ ಕೂಡಲೇ ಮೂರಕ್ಕೆ ಎರಡು ಆಗುತ್ತದೆ, ‘ಹೆಚ್ಚು’ ಆಗುವುದಿಲ್ಲ, ಮೊಹರು ಕಳಚಿ ದಾಖಲೆ ಮತ್ತೆ ‘ನೀಡ್ಸ್ ಐಡಿ’ಗೆ, ಅಂದರೆ ಇನ್ನೂ ಗುರುತು ಬೇಕಾದವುಗಳ ಸಾಲಿಗೆ, ಮರಳುತ್ತದೆ. ಯಾರಾದರೂ ನಿಮ್ಮ ಪ್ರಭೇದವನ್ನು ಕುಲಕ್ಕೆ ಹಿಂದೆಳೆದರೆ ಅವಮಾನವೆಂದುಕೊಳ್ಳದೆ, ಯಾವ ಭಾಗ ಕಂಡಿದ್ದರೆ ಖಚಿತವಾಗುತ್ತಿತ್ತು ಎಂದು ಕಾಮೆಂಟಿನಲ್ಲಿ ಕೇಳಿ. ಅಲ್ಲಿ ಸಿಗುವ ಒಂದು ಸಾಲು ಮುಂದಿನ ಹತ್ತು ಫೋಟೊಗಳನ್ನು ಸುಧಾರಿಸುತ್ತದೆ.

ಇದೇ ಮನೆಯ ಸೀಕ್ ಆ್ಯಪ್‌ಗೆ ಖಾತೆ ಬೇಡ, ಮಕ್ಕಳ ಕೈಗೂ ಕೊಡಬಹುದು, ನೆಟ್ ಇಲ್ಲದ ದಡದಲ್ಲೂ ನಡೆಯುತ್ತದೆ. ಕ್ಯಾಮೆರಾ ತೋರಿಸಿದಂತೆ ವರ್ಗ, ಗಣ, ಕುಲ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಖಚಿತವಿಲ್ಲದ ಮೆಟ್ಟಿಲಲ್ಲಿ ನಿಲ್ಲುವ ಅದರ ಶಿಸ್ತು ಮೆಚ್ಚಬೇಕಾದ್ದು. ಆದರೆ ತಿದ್ದುವ ಮನುಷ್ಯರು ಅಲ್ಲಿಲ್ಲ. ಗೂಗಲ್ ಲೆನ್ಸ್ ವೆಲೆಲ್ಲಾದಂಥ ಎದ್ದುಕಾಣುವ ಆಕಾರಕ್ಕೆ ಸರಿ. ಬಣ್ಣವಿಲ್ಲದ ಮುದ್ದೆಗೆ ಅದು ಹುಡುಕಿ ಕೊಡುವುದು ಹೋಲುವ ಚಿತ್ರ, ಅದು ಸಾಬೂನಿನದೂ ಆಗಬಹುದು. ಮುಂಬೈಯಲ್ಲಿ 2017ರಲ್ಲಿ ಶುರುವಾದ ಮರೀನ್ ಲೈಫ್ ಆಫ್ ಮುಂಬೈ ತಂಡದ ದಾಖಲೆಗಳು ಐನ್ಯಾಚುರಲಿಸ್ಟ್‌ನಲ್ಲೇ ಪ್ರಾಜೆಕ್ಟ್ ಆಗಿ ಸಿಗುತ್ತವೆ. ಅದೂ ಅರಬ್ಬಿ ದಡವೇ ಆದ್ದರಿಂದ ನಮ್ಮ ಫೋಟೊ ಹೋಲಿಸಿ ನೋಡಲು ಪರದೇಶದ ಚಿತ್ರಗಳಿಗಿಂತ ಉಪಯುಕ್ತ. ಒಂದೇ ದಿನ ದಡದ ತುಂಬ ರಾಶಿರಾಶಿ ಬಿದ್ದಿದ್ದರೆ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಗೆ (ಸಿಎಂಎಫ್‌ಆರ್‌ಐ) ತಿಳಿಸಿ, ಮಂಗಳೂರಿನಲ್ಲೂ ಕಾರವಾರದಲ್ಲೂ ಅದರ ಕೇಂದ್ರಗಳಿವೆ.

ಕುಟುಕಿದ ಮೇಲೆ ಆ್ಯಪ್ ತೆರೆಯಬೇಡಿ ಎಂದದ್ದಕ್ಕೆ ಕಾರಣ, ಉಪಚಾರ ಪ್ರಾಣಿಯ ಮೇಲೆ ನಿಂತಿದೆ. ಬಾಕ್ಸ್ ಜೆಲ್ಲಿಗೆ ವಿನೆಗರ್ ಸುರಿಯುವುದು ಸರಿಯಾದ ಕ್ರಮ, ಬ್ಲೂಬಾಟಲ್‌ಗೆ ಅದನ್ನು ಹಾಕುವ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಯಂತ್ರದ ಊಹೆಯನ್ನು ನಂಬಿ ಇದನ್ನು ತೀರ್ಮಾನಿಸಬಾರದು. ನೀರಿನಿಂದ ಹೊರಬನ್ನಿ, ಮರಳಿನಿಂದ ಉಜ್ಜಬೇಡಿ, ಅಂಟಿದ ಎಳೆಯನ್ನು ಚಿಮಟದಿಂದ ತೆಗೆಯಿರಿ, ಕಡಲನೀರಿನಿಂದಲೇ ತೊಳೆಯಿರಿ. ಬ್ಲೂಬಾಟಲ್ ಎಂದು ಕಣ್ಣಾರೆ ಕಂಡಿದ್ದರೆ ಸುಮಾರು 45 ಡಿಗ್ರಿ ಬಿಸಿಯ ನೀರಿನಲ್ಲಿ 20 ನಿಮಿಷ ಅದ್ದಿಡುವುದು ನೋವಿಗೆ ಒಳ್ಳೆಯದು. ಮೊದಲು ಬೇರೆಯವರು ಕೈ ಹಾಕಿ ನೋಡಲಿ, ಉರಿಯ ನಡುವೆ ಬಿಸಿ ತಿಳಿಯದೆ ಸುಟ್ಟುಕೊಂಡೀರಿ. ಉಸಿರು ಕಟ್ಟಿದರೆ, ಎದೆ ಹಿಡಿದರೆ, ವಾಂತಿ ಶುರುವಾದರೆ 108.

ಫೋಟೊ ಮುಗಿದ ಮೇಲೆ ಡಬ್ಬಿಯ ನೀರನ್ನು ಪ್ರಾಣಿಯ ಸಮೇತ ಜನ ನಡೆಯದ ಕಡೆ ಅಲೆಗೆ ಬಿಡಿ. ಸತ್ತ ಮೇಲೂ, ಒಣಗಿದ ಮೇಲೂ ಕುಟುಕು ಕೋಶಗಳು ಕೆಲಸ ಮಾಡುತ್ತವೆ, ಡಬ್ಬಿಯ ಗೋಡೆಗೆ ಅಂಟಿದ ಎಳೆಯ ತುಣುಕಿನಲ್ಲೂ. ಕೈಗವಸು ಬಿಚ್ಚುವ ಮೊದಲೇ ತಿಕ್ಕಿ ತೊಳೆದು, ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ‘ಕಡಲಿಗೆ’ ಎಂದು ಬರೆದಿಡಿ. ಇಲ್ಲದಿದ್ದರೆ ಮುಂದಿನ ವಾರ ಅದರಲ್ಲಿ ಚಕ್ಕುಲಿ ಇರುತ್ತದೆ.